ಹೆಗಲಲ್ಲಿ ಬೂಟು, ಜೇಬಲ್ಲಿ ಕರಾರು

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ರಾತ್ರಿ ಎಂಟರ ಮೇಲೆ ಅರ್ಧ ಗಂಟೆ ನಿಂತರೆ ಸಾಕು, ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಚೆನ್ನೈ–ಕೋಲ್ಕತ್ತ ಹೆದ್ದಾರಿ ಮತ್ತು ಹೈದರಾಬಾದ್ ಕಡೆಯಿಂದ ಮಚಲೀಪಟ್ಟಣಕ್ಕೆ ಹೋಗುವ ಬಂದರು ರಸ್ತೆ ಒಂದನ್ನೊಂದು ದಾಟುವ ಜಾಗ ಇದು. ಮೇಲೆ ಫ್ಲೈಓವರ್, ಕೆಳಗೆ ಬೆಂಗಳೂರಿನ ಸ್ಲೀಪರ್ ಬಸ್ಸುಗಳಿಗೆ ಕಾಯುವ ಜನ. ಸಾಫ್ಟ್‌ವೇರ್ ಹುಡುಗರು, ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ಹೋಟೆಲ್ ಕೆಲಸದಿಂದ ರಜೆ ಮೇಲೆ ಊರಿಗೆ ಹೊರಟ ಕುಂದಾಪುರ, ಬೈಂದೂರಿನ ಕಡೆಯವರು. ಊರಿಂದ ಬರುವ ಪಾರ್ಸೆಲ್ ಇಸಿದುಕೊಳ್ಳಲು ನಾನೂ ತಿಂಗಳಿಗೊಮ್ಮೆ ಅಲ್ಲಿ ನಿಲ್ಲುತ್ತೇನೆ.

ಹಾಗೆ ನಿಂತಿದ್ದ ಒಂದು ರಾತ್ರಿ ಪರಿಚಯದವರೊಬ್ಬರು ಸಿಕ್ಕರು. ಇಲ್ಲಿಯ ಒಂದು ಟಿಫಿನ್ ಹೋಟೆಲಿಗೆ ಸಪ್ಲೈಯರ್ ಆಗಿ ಬಂದು ಈಗ ಗಲ್ಲಾದಲ್ಲಿ ಕೂರುವವರು. ಜೊತೆಗೆ ಹದಿನಾರರ ಮಗ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮನೆಯಲ್ಲಿ ಕುಂದಾಪ್ರ ಕನ್ನಡ, ಬೀದಿಯಲ್ಲಿ ತೆಲುಗು. ಬೆನ್ನಿಗೆ ಬ್ಯಾಗು, ಲೇಸಿಗೆ ಲೇಸು ಕಟ್ಟಿ ಹೆಗಲಿಗೆ ಇಳಿಬಿಟ್ಟ ಫುಟ್‌ಬಾಲ್ ಬೂಟು. ಬೆಂಗಳೂರಿನಲ್ಲಿ ಟ್ರಯಲ್ಸ್ ಇದೆಯಂತೆ.

"ನೀವು ಬರೀತ್ರಿ ಅಲ್ದಾ ಮಾರಾಯ್ರೆ, ಇದೊಂದು ಕಾಗ್ದ ಕಂಡು ಹೇಳಿ" ಎಂದು ಅವರು ಫೋನ್ ಚಾಚಿದರು. ವಾಟ್ಸಾಪ್‌ನಲ್ಲಿ ಬಂದ ಎರಡು ಪುಟದ ಒಪ್ಪಂದ. ಏಜೆಂಟ್ ಎಂದು ಹೇಳಿಕೊಂಡ ಒಬ್ಬರು ಕಳಿಸಿದ್ದು. ಹುಡುಗನನ್ನು ದೊಡ್ಡ ಕ್ಲಬ್ಬಿಗೆ ತೋರಿಸಲು ಅರವತ್ತು ಸಾವಿರ ರೂಪಾಯಿ ಮುಂಗಡ. ಆಯ್ಕೆಯಾದರೆ ಐದು ವರ್ಷ ಅವರ ಅನುಮತಿ ಇಲ್ಲದೆ ಬೇರೆಲ್ಲೂ ಆಡುವ ಹಾಗಿಲ್ಲ. ಆಯ್ಕೆಯಾಗದಿದ್ದರೂ ಆಡುವ ಹಾಗಿಲ್ಲ! ಸಂಬಳ ಎಷ್ಟು, ಕಾಲು ಮುರಿದರೆ ಖರ್ಚು ಯಾರದು, ಇದ್ಯಾವುದೂ ಅದರಲ್ಲಿರಲಿಲ್ಲ.

"ಸಹಿ ಮಾಡಬೇಡಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಗೊತ್ತಿರಲಿಲ್ಲ. "ಯಾರ ಹತ್ರ ಕೇಣ್ಕ್ ಹಾಂಗಾರೆ?" ಎಂದರು ಅವರು. ಹೋಟೆಲಿನಲ್ಲಿ ಸಂಬಳ ತಡವಾದರೆ ಯಾರ ಹತ್ತಿರ ಹೋಗಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಬ್ಯಾಂಕಿನವರಿಗೆ ಯೂನಿಯನ್ ಇದೆ, ಬಸ್ಸಿನವರಿಗೆ ಇದೆ, ಬೀಡಿ ಕಟ್ಟುವವರಿಗೂ ಇದೆ. ಚೆಂಡು ಒದೆಯುವವರಿಗೆ? ಬಸ್ ಬಂತು, ಅವರಿಬ್ಬರೂ ಹತ್ತಿದರು. ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು.

ನಮ್ಮ ಕಡೆ ಈ ಪ್ರಶ್ನೆ ಬಹಳ ಕಾಲ ಹುಟ್ಟಲೇ ಇಲ್ಲ ಎಂಬುದನ್ನು ಮೊದಲು ಹೇಳಬೇಕು. ಬೆಂಗಳೂರಿನ ಫುಟ್‌ಬಾಲ್ ಎಂದರೆ ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್ ಕೂಡ ಇದೇ ಊರಿನವರು. ಆಗ ಆಡಿದವರ ಕನಸು ದೊಡ್ಡ ಕರಾರಿನದಲ್ಲ, ಕೆಲಸದ್ದು. ಚೆನ್ನಾಗಿ ಆಡಿದರೆ ಐಟಿಐ ಕರೆಯುತ್ತಿತ್ತು, ಎಚ್‌ಎಎಲ್ ಕರೆಯುತ್ತಿತ್ತು, ಎಂಇಜಿ ಕರೆಯುತ್ತಿತ್ತು. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಕಾರ್ಖಾನೆಯ ಹಾಜರಿ ಪುಸ್ತಕ. ಮೊಣಕಾಲು ಹೋದರೂ ಸಂಬಳ ಹೋಗುತ್ತಿರಲಿಲ್ಲ. ಪಿಎಫ್ ಇತ್ತು, ಕ್ಯಾಂಟೀನ್ ಇತ್ತು, ಕೊನೆಗೆ ಪಿಂಚಣಿಯ ಮಾತೂ ಇತ್ತು. ಆಟಗಾರನಿಗೆ ಬೇರೆ ಸಂಘ ಬೇಕಿರಲಿಲ್ಲ. ಕಾರ್ಖಾನೆಯ ಯೂನಿಯನ್ನೇ ಅವನ ಯೂನಿಯನ್.

ಆಂಧ್ರದ ಕಡೆ ಈ ಕೆಲಸವನ್ನು ಪೊಲೀಸ್ ಇಲಾಖೆ ಮಾಡಿತು. 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಪೊಲೀಸ್ ತಂಡ ಹೆಸರಿಗೆ ತಕ್ಕಂತೆ ಪೊಲೀಸರದೇ ತಂಡ. ಅದನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಮ್ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ಕೋಚ್. ಅವರ ಹುಡುಗರು ಆಟ ಬಿಟ್ಟ ಮೇಲೂ ಖಾಕಿ ತೊಟ್ಟುಕೊಂಡು ಬದುಕು ನಡೆಸಬಹುದಿತ್ತು.

ಆ ಕಾಲ ಮುಗಿಯಿತು. ಐ-ಲೀಗ್ ಆಡಿದ ಎಚ್‌ಎಎಲ್ 2012ರಲ್ಲಿ ಕೆಳಗಿಳಿದ ಮೇಲೆ ಮತ್ತೆ ಮೇಲೆ ಬರಲಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಕಂಠೀರವದ ಗ್ಯಾಲರಿಗಳು ನೀಲಿಯಾದವು. ಅದನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಖುಷಿಯಲ್ಲಿ ಒಂದು ವಿಷಯ ಗಮನಕ್ಕೆ ಬರಲಿಲ್ಲ. ನೌಕರಿ ಹೋಗಿ ಕರಾರು ಬಂದಿತ್ತು. ಎರಡು ವರ್ಷ, ಮೂರು ವರ್ಷ, ಆಮೇಲೆ ನಿನ್ನ ದಾರಿ ನಿನಗೆ. ಸಂಬಳ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು, ಕಾಲ ಕೆಳಗಿನ ನೆಲ ಮಾತ್ರ ತೆಳು.

ಇಂಗ್ಲೆಂಡಿನವರು ಈ ತೆಳು ನೆಲದ ಮೇಲೆ ನೂರು ವರ್ಷ ಮೊದಲೇ ನಿಂತಿದ್ದರು. ಅವರ ಕತೆ ಓದುತ್ತ ಹೋದಂತೆ ನನಗೆ ವಾಟ್ಸಾಪ್‌ನ ಆ ಎರಡು ಪುಟ ಮತ್ತೆ ಮತ್ತೆ ನೆನಪಾಯಿತು.

1901ರಿಂದ ಅಲ್ಲಿ ಆಟಗಾರನ ವಾರದ ಸಂಬಳ ನಾಲ್ಕು ಪೌಂಡ್ ಮೀರಬಾರದೆಂಬ ನಿಯಮವಿತ್ತು. ಕ್ಲಬ್ ಬಿಡಬೇಕಾದರೆ ಕ್ಲಬ್ಬೇ ಬಿಡಬೇಕು. ಕರಾರು ಮುಗಿದರೂ, ಸಂಬಳ ಕೊಡದಿದ್ದರೂ, ಅವನ ನೋಂದಣಿ ಕ್ಲಬ್ಬಿನ ಕೈಯಲ್ಲೇ. ಬೇರೆ ಕಡೆ ಆಡುವ ಹಾಗಿಲ್ಲ. 1907ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಥಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬ ಯುವಕ ಮೀಸಲು ತಂಡದ ಪಂದ್ಯದಲ್ಲಿ ಚೆಂಡಿಗೆ ತಲೆ ಕೊಟ್ಟು ಕುಸಿದು ಸತ್ತ. ಮನೆಯವರಿಗೆ ಪರಿಹಾರ ಸಿಗಲಿಲ್ಲ. ಅದೇ ವರ್ಷದ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮುಂತಾದವರು ಸೇರಿ ಸಂಘ ಕಟ್ಟಿದರು. ಇವತ್ತು ಪಿಎಫ್‌ಎ ಎಂದು ಕರೆಯುವ ಸಂಘ ಅದೇ. ಅದಕ್ಕೂ ಮೊದಲು 1898ರಲ್ಲಿ ಒಂದು ಸಂಘ ಹುಟ್ಟಿ ಮೂರೇ ವರ್ಷದಲ್ಲಿ ಮುಚ್ಚಿಹೋಗಿತ್ತು, ಹಾಗಾಗಿ ಇದೂ ಉಳಿಯುತ್ತದೆಂಬ ಭರವಸೆ ಯಾರಿಗೂ ಇದ್ದಿರಲಾರದು.

1909ರಲ್ಲಿ ಫುಟ್‌ಬಾಲ್ ಸಂಸ್ಥೆ, ಸಂಘ ಬಿಡಿ ಇಲ್ಲವೇ ಆಟ ಬಿಡಿ ಎಂದಿತು. ಬಹಳಷ್ಟು ಆಟಗಾರರು ಹೆದರಿ ಬಿಟ್ಟರು. ಅದೇ ವರ್ಷ ಎಫ್‌ಎ ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಬಿಡಲಿಲ್ಲ. ತಮ್ಮ ಮೈದಾನ ಇಲ್ಲದೆ ಬೇರೆ ಕಡೆ ಅಭ್ಯಾಸ ಮಾಡಿದರು. 'ಔಟ್‌ಕಾಸ್ಟ್ಸ್ ಎಫ್‌ಸಿ' ಎಂಬ ಬೋರ್ಡು ಬರೆದು ಮುಂದಿಟ್ಟುಕೊಂಡು ಸಾಲಾಗಿ ಕೂತು ಫೋಟೊ ತೆಗೆಸಿಕೊಂಡರು. ಬಹಿಷ್ಕೃತರ ತಂಡ ಎಂದರ್ಥ. ಆ ಫೋಟೊ ಈಗಲೂ ನೋಡಸಿಗುತ್ತದೆ, ಒಬ್ಬೊಬ್ಬರ ಮುಖದಲ್ಲೂ ಎಂಥ ಹಟ! ಕೊನೆಗೆ ಸಂಸ್ಥೆ ಸಂಘವನ್ನು ಒಪ್ಪಿತು.

ಸಂಬಳದ ಮಿತಿ ಹೋಗಲು ಮಾತ್ರ 1961ರ ಜನವರಿ ಬರಬೇಕಾಯಿತು. ಅಷ್ಟು ಹೊತ್ತಿಗೆ ಅದು ವಾರಕ್ಕೆ ಇಪ್ಪತ್ತು ಪೌಂಡ್ ಆಗಿತ್ತು. ಸಂಘದ ಮುಖ್ಯಸ್ಥ ಜಿಮ್ಮಿ ಹಿಲ್ ಆಟಗಾರರನ್ನು ಮುಷ್ಕರಕ್ಕೆ ಒಪ್ಪಿಸಿದ್ದರು. ಮುಷ್ಕರ ನಡೆಯುವ ಮೊದಲೇ ಮಾಲೀಕರು ಬಗ್ಗಿದರು. ಇದಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು ಜಾರ್ಜ್ ಈಸ್ಟ್‌ಹ್ಯಾಮ್ ಕತೆ. ನ್ಯೂಕ್ಯಾಸಲ್ ಕ್ಲಬ್ ಬಿಡುತ್ತೇನೆಂದ, ಅವರು ಬಿಡಲಿಲ್ಲ. ಆತ ಆಡುವುದನ್ನೇ ನಿಲ್ಲಿಸಿ ಬಿರಡೆ ಮಾರುವ ಕೆಲಸಕ್ಕೆ ಸೇರಿದ. ಕೊನೆಗೆ ಕ್ಲಬ್ ಅವನನ್ನು ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ಆದರೂ ಮೊಕದ್ದಮೆ ಮುಂದುವರಿಯಿತು, ಖರ್ಚು ಸಂಘದ್ದು, ಮುಂದೆ ಬರುವವರಿಗಾಗಿ. 1963ರಲ್ಲಿ ನ್ಯಾಯಾಲಯ ಹೇಳಿತು: ಕರಾರು ಮುಗಿದ ಆಟಗಾರನನ್ನು ಹೀಗೆ ಹಿಡಿದಿಡುವುದು ಅವನ ದುಡಿಮೆಗೆ ಅಡ್ಡಿ, ಅದು ಸಲ್ಲದು.

ಬೆಂಜ್ ಸರ್ಕಲ್‌ನಲ್ಲಿ ನಾನು ಓದಿದ ಕಾಗದದಲ್ಲಿ, ಆಯ್ಕೆಯಾಗದಿದ್ದರೂ ಬೇರೆಲ್ಲೂ ಆಡುವಂತಿಲ್ಲ ಎಂಬ ಸಾಲು ಇತ್ತಲ್ಲ, ಅದು 1963ರಲ್ಲೇ ಸತ್ತುಹೋದ ಸಾಲು.

ಯುರೋಪಿನ ಉಳಿದ ದೇಶಗಳಲ್ಲೂ ಇಂಥ ಸಂಘಗಳು ಹುಟ್ಟಿದವು. ಫ್ರಾನ್ಸಿನಲ್ಲಿ 1961ರಲ್ಲಿ, ಇಟಲಿಯಲ್ಲಿ 1968ರಲ್ಲಿ, ಸ್ಪೇನಿನಲ್ಲಿ 1978ರಲ್ಲಿ. ಈ ಸಂಘಗಳ ಒಕ್ಕೂಟವಾದ ಫಿಫ್‌ಪ್ರೊ 1965ರ ಡಿಸೆಂಬರ್ 15ರಂದು ಪ್ಯಾರಿಸ್‌ನಲ್ಲಿ ಶುರುವಾಯಿತು. ಸರಿಯಾಗಿ ಮೂವತ್ತು ವರ್ಷದ ನಂತರ ಅದೇ ದಿನ, 1995ರ ಡಿಸೆಂಬರ್ 15ರಂದು, ಬೆಲ್ಜಿಯಂನ ಜಾನ್ ಮಾರ್ಕ್ ಬೊಸ್‌ಮನ್ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಕರಾರು ಮುಗಿದ ಮೇಲೆ ಆಟಗಾರ ಯೂರೋಪ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಲು ಹಳೆಯ ಕ್ಲಬ್ಬಿಗೆ ಬಿಡಿಗಾಸು ಕೊಡಬೇಕಿಲ್ಲ ಎಂದು. ಇವತ್ತು ಕೋಟಿ ಕೋಟಿ ಎಣಿಸುವ ತಾರೆಯರೆಲ್ಲ ಆ ಮನುಷ್ಯನಿಗೆ ಋಣಿಗಳು. ಮೊಕದ್ದಮೆಗೆ ತನ್ನ ಆಟದ ವರ್ಷಗಳನ್ನೇ ತೆತ್ತ ಬೊಸ್‌ಮನ್ ಮಾತ್ರ ಆಮೇಲೆ ಕಷ್ಟದಲ್ಲೇ ಬದುಕಿದ.

ಹಾಗಾದರೆ ಹೊಟ್ಟೆ ತುಂಬಿದವರಿಗೆ ಯೂನಿಯನ್ ಯಾಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಸ್ನೇಹಿತರೊಬ್ಬರು ನನ್ನನ್ನು ಹೀಗೇ ಕೇಳಿ ನಕ್ಕರು. ಅವರಿಗೆ ಕಾಣುವುದು ಟಿವಿಯ ಫುಟ್‌ಬಾಲ್. 2016ರಲ್ಲಿ ಫಿಫ್‌ಪ್ರೊ 54 ದೇಶಗಳ ಸುಮಾರು 14,000 ಆಟಗಾರರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ, ಹಿಂದಿನ ಎರಡು ವರ್ಷದಲ್ಲಿ ಸಂಬಳ ತಡವಾಗಿದೆ ಎಂದವರು ನೂರಕ್ಕೆ 41 ಮಂದಿ. ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಪರದಾಡುವ ಆಟಗಾರನೇ ಲೋಕದಲ್ಲಿ ಹೆಚ್ಚು.

ಅದಕ್ಕೇ ಸಂಘಗಳು ಪಟ್ಟು ಹಿಡಿದು ಗೆದ್ದುಕೊಂಡ ನಿಯಮಗಳಲ್ಲಿ ನನಗೆ ಮುಖ್ಯ ಎನಿಸುವುದು 2018ರ ಜೂನ್‌ನಲ್ಲಿ ಜಾರಿಗೆ ಬಂದದ್ದು. ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ ಆಟಗಾರ ಲಿಖಿತ ನೋಟಿಸ್ ಕೊಡಬೇಕು, ಕನಿಷ್ಠ 15 ದಿನ ಸಮಯ ಕೊಡಬೇಕು, ಆಗಲೂ ಹಣ ಬರದಿದ್ದರೆ ಕರಾರು ಮುರಿದು ಹೊರಡಬಹುದು. ತಪ್ಪು ಕ್ಲಬ್ಬಿನದೇ ಆಗುತ್ತದೆ. ಓದಲು ಸುಲಭ. ಆದರೆ ಇಪ್ಪತ್ತೆರಡು ವರ್ಷದ ಹುಡುಗ, ಬೇರೆ ಊರು, ಬೇರೆ ಭಾಷೆ, ಎದುರಿಗೆ ಕ್ಲಬ್ಬಿನ ವಕೀಲರು. ನೋಟಿಸ್ ಬರೆಯುವುದು ಹೇಗೆ, ಯಾವ ದಿನಾಂಕದಿಂದ ಲೆಕ್ಕ, ಒಂದು ವಾರ ಮೊದಲೇ ಹೊರಟುಬಿಟ್ಟರೆ ತಪ್ಪು ಯಾರ ತಲೆಗೆ? ಸಂಘದ ನಿಜವಾದ ಕೆಲಸ ಇರುವುದು ಇಲ್ಲಿ. ಮುಷ್ಕರಕ್ಕಿಂತ ಹೆಚ್ಚಾಗಿ ಇಂಥ ಕಾಗದ ಪತ್ರದ ಕೆಲಸ.

ಭಾರತದಲ್ಲಿ ಆ ಕೆಲಸಕ್ಕೆಂದು ಇರುವುದು ಫುಟ್‌ಬಾಲ್ ಪ್ಲೇಯರ್ಸ್ ಅಸೋಸಿಯೇಶನ್ ಆಫ್ ಇಂಡಿಯಾ, ಎಫ್‌ಪಿಎಐ. 2006ರಲ್ಲಿ ಶುರುವಾಯಿತು, ಮೊದಲ ಅಧ್ಯಕ್ಷ ಬೈಚುಂಗ್ ಭುಟಿಯಾ. ಆಮೇಲೆ ರೆನೆಡಿ ಸಿಂಗ್ ಆ ಜಾಗಕ್ಕೆ ಬಂದರು. ಫಿಫ್‌ಪ್ರೊ ಕುಟುಂಬಕ್ಕೂ ಸೇರಿದೆ. ಅದು ಹುಟ್ಟುವ ಎರಡು ವರ್ಷ ಮೊದಲು, 2004ರ ಡಿಸೆಂಬರ್ 5ರಂದು, ನಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ ಫೈನಲ್ ನಡೆಯುತ್ತಿದ್ದಾಗ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದು, ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದು ಪ್ರಾಣ ಬಿಟ್ಟಿದ್ದರು. ಮೈದಾನದಲ್ಲಿ ವೈದ್ಯಕೀಯ ವ್ಯವಸ್ಥೆ ಹೇಗಿತ್ತೆಂಬುದರ ಬಗ್ಗೆ ಆಗ ಬಹಳ ಮಾತಾಯಿತು. ಬೆಂಗಳೂರಿನ ಹಳೆಯ ಪ್ರೇಕ್ಷಕರು ಆ ಸಂಜೆಯನ್ನು ಈಗಲೂ ಮರೆತಿಲ್ಲ. ಬ್ಲ್ಯಾಕ್‌ಸ್ಟಾಕ್ ಕತೆ ಓದುವಾಗ ನನಗೆ ಮೊದಲು ನೆನಪಾದದ್ದು ಇದು.

ಎಫ್‌ಪಿಎಐ ಕೈಹಾಕಿದ ಪ್ರಕರಣಗಳಲ್ಲಿ ಕೋವಿಡ್ ಕಾಲದ್ದು ಒಂದು. 2020ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹೂಡಿಕೆದಾರರಾಗಿದ್ದ ಬೆಂಗಳೂರು ಮೂಲದ ಕ್ವೆಸ್ ಕಂಪನಿ, ದೈವಿಕ ಅನಾಹುತದ ಕಲಮು ತೋರಿಸಿ ಆಟಗಾರರ ಕರಾರುಗಳನ್ನು ಅವಧಿಗೆ ಮೊದಲೇ ಮುಗಿಸಿತು. ಆಟಗಾರರು ಸಂಘದ ಬಾಗಿಲಿಗೆ ಹೋದರು, ವಿಷಯ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತನಕ ಹೋಯಿತು. ಒಬ್ಬೊಬ್ಬರೇ ಹೋಗಿದ್ದರೆ ಗೇಟಿನ ಹತ್ತಿರವೇ ನಿಲ್ಲಬೇಕಾಗುತ್ತಿತ್ತು.

ವಿಜಯವಾಡದಲ್ಲಿ ಕೂತವರಿಗೆ ಇನ್ನೂ ಹತ್ತಿರದ ಕತೆ ಹೈದರಾಬಾದ್ ಎಫ್‌ಸಿಯದ್ದು. ಪುಣೆ ಸಿಟಿ ಕ್ಲಬ್ ಮುಚ್ಚಿದಾಗ 2019ರಲ್ಲಿ ಅದರ ಜಾಗಕ್ಕೆ ಬಂದ ತಂಡ. 2022ರಲ್ಲಿ ಐಎಸ್‌ಎಲ್ ಚಾಂಪಿಯನ್. ಇಲ್ಲಿಯ ತೆಲುಗು ಹುಡುಗರು ಹಳದಿ ಜೆರ್ಸಿ ಹಾಕಿಕೊಂಡು ಓಡಾಡಿದ್ದನ್ನು ನಾನೇ ಕಂಡಿದ್ದೇನೆ. ಎರಡು ವರ್ಷ ಕಳೆಯುವುದರೊಳಗೆ ಸಂಬಳ ಬಾಕಿ, ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು, ಹೊಸ ಆಟಗಾರರನ್ನು ನೋಂದಾಯಿಸಬಾರದೆಂದು ನಿಷೇಧ ಬಿತ್ತು. 2025ರಲ್ಲಿ ಆ ತಂಡ ಹೆಸರೂ ಊರೂ ಬದಲಿಸಿ ದೆಹಲಿಗೆ ಹೋಯಿತು. ಇಲ್ಲಿ ಒಂದು ವ್ಯತ್ಯಾಸ ನೋಡಿ: ವಿದೇಶಿ ಆಟಗಾರನಿಗೆ ನೇರವಾಗಿ ಫಿಫಾದ ನ್ಯಾಯಮಂಡಳಿಗೆ ಹೋಗುವ ದಾರಿ ಇದೆ, ಅವನ ಊರಿನ ಸಂಘ ಅರ್ಜಿ ಬರೆದುಕೊಡುತ್ತದೆ. ನಮ್ಮ ಹುಡುಗ ಇಲ್ಲಿಯ ಫೆಡರೇಶನ್ ಸಮಿತಿಯ ಮುಂದೆ ಕಾಯಬೇಕು. ನಾಳೆ ಇನ್ನೊಂದು ಕ್ಲಬ್ ಬೇಕಲ್ಲ ಎಂಬ ಭಯ ಬೇರೆ.

ಈ ಭಯ ಎಲ್ಲರಿಗೂ ಒಂದೇ ಸಲ ಬಂದದ್ದು 2025ರಲ್ಲಿ. ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಹದಿನೈದು ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯುವುದಿತ್ತು, ಮುಂದೇನೆಂದು ತೀರ್ಮಾನವಾಗಿರಲಿಲ್ಲ. ಜುಲೈನಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಹೇಳಿತು. ಯುವ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ಇದು ಅನ್ವಯಿಸುವುದಿಲ್ಲ ಎಂದೂ ಹೇಳಿತು, ಆ ಮಟ್ಟಿಗೆ ಒಳ್ಳೆಯದು. ಸುನಿಲ್ ಛೆಟ್ರಿಯಂಥವರ ತಂಡದ ಗತಿಯೇ ಹೀಗಾದರೆ ಎರಡನೇ, ಮೂರನೇ ದರ್ಜೆಯ ಲೀಗಿನಲ್ಲಿ ಆಡುವವರ ಗತಿ ಏನು? ನವೆಂಬರ್‌ನಲ್ಲಿ ಆಟಗಾರರು ಒಟ್ಟಾಗಿ, ನಮಗೆ ಆಡಲು ಬಿಡಿ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಒಂದೇ ಹೇಳಿಕೆ ಹಾಕಿದರು. 2026ರ ಜನವರಿ ಮೊದಲಲ್ಲಿ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಮುಂತಾದವರು ವಿಡಿಯೊ ಮಾಡಿ ಫಿಫಾಗೇ ಮೊರೆಯಿಟ್ಟರು. ಕೆಲವು ದಿನಗಳಲ್ಲಿ ಸರ್ಕಾರ ಮಧ್ಯೆ ಬಂದು, ಫೆಬ್ರವರಿ 14ರಿಂದ ಲೀಗ್ ನಡೆಯುವುದೆಂದು ಘೋಷಿಸಿತು.

ಆ ವಿಡಿಯೊ ನೋಡಿ ನನಗೆ ಹೆಮ್ಮೆಗಿಂತ ಬೇಸರವೇ ಹೆಚ್ಚಾಯಿತು ಎಂದರೆ ತಪ್ಪು ತಿಳಿಯಬೇಡಿ. ಸಂಘ ಗಟ್ಟಿಯಾಗಿರುವ ದೇಶದಲ್ಲಿ ದೇಶದ ನಾಯಕ ಕ್ಯಾಮೆರಾ ಮುಂದೆ ಕೈಮುಗಿಯಬೇಕಾಗುವುದಿಲ್ಲ; ಅವನ ಪರವಾಗಿ ಮೇಜಿನ ಆಚೆ ಕೂತು ಮಾತಾಡಲು ಜನ ಇರುತ್ತಾರೆ. 2015ರಲ್ಲಿ ಆಸ್ಟ್ರೇಲಿಯಾದ ಮಹಿಳಾ ತಂಡ ಸಂಬಳದ ವಿಚಾರಕ್ಕೆ ಅಮೆರಿಕ ಪ್ರವಾಸಕ್ಕೇ ಹೋಗಲಿಲ್ಲ. ವಿಶ್ವಚಾಂಪಿಯನ್ನರ ವಿರುದ್ಧದ ಪಂದ್ಯಗಳು, ಟಿಕೆಟ್ ಮಾರಾಟವಾಗಿತ್ತು. ಆದರೂ ಹೋಗಲಿಲ್ಲ. ಅವರ ಹಿಂದೆ ಸಂಘ ನಿಂತಿತ್ತು. 2019ರಲ್ಲಿ ಗಂಡಸರಿಗೂ ಹೆಂಗಸರಿಗೂ ವಾಣಿಜ್ಯ ಆದಾಯದಲ್ಲಿ ಸಮಪಾಲು ಕೊಡುವ ಒಪ್ಪಂದವಾಯಿತು. ನಮ್ಮಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಫೆಡರೇಶನ್ ಸಂವಿಧಾನ ಮಾಜಿ ಆಟಗಾರರಿಗೆ ಆಡಳಿತದ ಸಭೆಯಲ್ಲಿ ಜಾಗ ಕೊಟ್ಟಿದೆ. ಸಂತೋಷ. ಆದರೆ ಆಡಳಿತದ ಕುರ್ಚಿಯಲ್ಲಿ ಕೂತ ಮಾಜಿಗಳೂ, ಈ ತಿಂಗಳ ಸಂಬಳ ಬಾರದ ಹಾಲಿಗಳೂ ಒಂದೇ ಅಲ್ಲ.

ಇನ್ನು ಬೆಂಜ್ ಸರ್ಕಲ್‌ನ ಹುಡುಗನ ವಿಷಯ. ಇವನು ಇನ್ನೂ ವೃತ್ತಿಗೆ ಕಾಲಿಟ್ಟವನೇ ಅಲ್ಲ. ಇಂಥವರಿಗೆ ಆಟಗಾರರ ಸಂಘ ಏನು ಮಾಡೀತು?

ಬೇರೆ ದೇಶಗಳಲ್ಲಿ ಮಾಡಿರುವುದು ಕಡಿಮೆಯೇನಲ್ಲ. ಇಂಗ್ಲೆಂಡಿನ ಪಿಎಫ್‌ಎ ಮತ್ತು ಫುಟ್‌ಬಾಲ್ ಲೀಗ್ ಸೇರಿ 2004ರಲ್ಲಿ ಒಂದು ಶಿಕ್ಷಣ ಸಂಸ್ಥೆಯನ್ನೇ ಶುರುಮಾಡಿದವು. ಕ್ಲಬ್ಬುಗಳಲ್ಲಿ ತರಬೇತಿಗೆ ಸೇರಿದ ಹದಿನಾರು, ಹದಿನೇಳರ ಮಕ್ಕಳು ಆಟದ ಜೊತೆಗೇ ಓದಬೇಕು, ಏಕೆಂದರೆ ಅವರಲ್ಲಿ ಹೆಚ್ಚಿನವರು ಆಟಗಾರರಾಗುವುದಿಲ್ಲ ಎಂಬುದು ಕ್ಲಬ್ಬಿಗೂ ಗೊತ್ತು, ಸಂಘಕ್ಕೂ ಗೊತ್ತು. ಗೊತ್ತಿಲ್ಲದಿರುವುದು ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಮಾತ್ರ. ಜರ್ಮನಿ, ಇಟಲಿ, ಸ್ಪೇನಿನ ಸಂಘಗಳು ಪ್ರತಿ ಬೇಸಿಗೆ ಕರಾರಿಲ್ಲದ ಆಟಗಾರರಿಗೆಂದು ಶಿಬಿರ ನಡೆಸುತ್ತವೆ. ಕೋಚ್ ಇರುತ್ತಾನೆ, ಫಿಸಿಯೊ ಇರುತ್ತಾನೆ, ಕ್ಲಬ್ಬುಗಳ ಜೊತೆ ಸ್ನೇಹಪಂದ್ಯ ಇರುತ್ತದೆ. ಕೆಲಸವಿಲ್ಲದವನು ಮನೆಯಲ್ಲಿ ಕೂತು ದಪ್ಪಗಾಗುವುದಿಲ್ಲ, ಯಾರಾದರೂ ನೋಡಿ ಕರೆಯಲೂಬಹುದು.

ನಿಯಮಗಳು ಹುಡುಗನ ಪರವಾಗಿಯೇ ಇವೆ ಎಂಬುದು ಹುಡುಕಿದ ಮೇಲೆ ನನಗೆ ತಿಳಿಯಿತು. ಫಿಫಾ ಪ್ರಕಾರ ಹದಿನೆಂಟಾಗದವನ ಜೊತೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರು ಸಲ್ಲದು. ಅಂದರೆ ಆ ಐದು ವರ್ಷದ ಮಾತು ಕ್ಲಬ್ಬೇ ಬರೆದಿದ್ದರೂ ನಿಲ್ಲುವುದಿಲ್ಲ, ಇದನ್ನು ಬರೆದವನು ಕ್ಲಬ್ ಕೂಡ ಅಲ್ಲ. ಏಜೆಂಟ್ ಆಗಬೇಕಾದರೆ ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿರಬೇಕು, ಲೈಸೆನ್ಸ್ ಇದ್ದವರ ಹೆಸರು ಫಿಫಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಪ್ರಾಪ್ತ ವಯಸ್ಸಿನ ಆಟಗಾರನ ಹತ್ತಿರ ಮಾತಾಡಬೇಕಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು, ಅವನು ವೃತ್ತಿಪರ ಕರಾರಿಗೆ ಸಹಿ ಹಾಕುವವರೆಗೆ ಅವನ ಕೆಲಸಕ್ಕೆ ಶುಲ್ಕ ಕೇಳುವ ಹಾಗಿಲ್ಲ. ಹೊಟೇಲಿನ ಗಲ್ಲಾದಲ್ಲಿ ಕೂರುವವರಿಂದ ಟ್ರಯಲ್ಸ್ ತೋರಿಸಲು ಅರವತ್ತು ಸಾವಿರ ಕೇಳುವುದಕ್ಕೆ ಯಾವ ನಿಯಮದ ಬಲವೂ ಇಲ್ಲ.

ಹದಿನೆಂಟರೊಳಗಿನವರನ್ನು ಬೇರೆ ದೇಶದ ಕ್ಲಬ್ಬಿಗೆ ಕಳಿಸುವುದೂ, ಕೆಲವು ವಿನಾಯಿತಿ ಬಿಟ್ಟರೆ, ನಿಷಿದ್ಧ. ಅಂದರೂ ಕಳಿಸುವವರಿದ್ದಾರೆ. 2023ರ ಜೂನ್‌ನಲ್ಲಿ ಪೋರ್ಚುಗಲ್‌ನ ಉತ್ತರ ಭಾಗದ ಒಂದು ಅಕಾಡೆಮಿಯ ಮೇಲೆ ಅಲ್ಲಿಯ ಅಧಿಕಾರಿಗಳು ದಾಳಿ ಮಾಡಿದಾಗ ದಕ್ಷಿಣ ಅಮೆರಿಕ, ಆಫ್ರಿಕಾ, ಏಷ್ಯಾದ ಹತ್ತಾರು ಹುಡುಗರು ಸಿಕ್ಕಿದರು. ಬಹುಪಾಲು ಅಪ್ರಾಪ್ತರು. ಅವರ ಮನೆಯವರೂ ಎಲ್ಲೋ ಒಂದು ಸರ್ಕಲ್‌ನಲ್ಲಿ ನಿಂತು ಕೈ ಬೀಸಿಯೇ ಕಳಿಸಿರಬೇಕು.

ಇನ್ನೊಂದು ಲೆಕ್ಕ ಇದೆ, ಇದು ನನಗೆ ಬಹಳ ಹಿಡಿಸಿತು. ಆಟಗಾರನೊಬ್ಬ ಹಣಕ್ಕೆ ಬೇರೆ ದೇಶದ ಕ್ಲಬ್ಬಿಗೆ ಹೋದಾಗ ಆ ಹಣದಲ್ಲಿ ನೂರಕ್ಕೆ 5 ಭಾಗ ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಕಾಲು ಪರ್ಸೆಂಟ್, 16ರಿಂದ 23ರವರೆಗೆ ಪ್ರತಿ ವರ್ಷಕ್ಕೆ ಅರ್ಧ ಪರ್ಸೆಂಟ್. ಒಂದು ಕೋಟಿ ರೂಪಾಯಿಯ ವರ್ಗಾವಣೆ ಎಂದಿಟ್ಟುಕೊಳ್ಳಿ. 12ರಿಂದ 15ರವರೆಗೆ ನಾಲ್ಕು ವರ್ಷ ಕಲಿಸಿದ ಸಣ್ಣ ಕ್ಲಬ್ಬಿಗೆ ಒಂದು ಲಕ್ಷ ಬರುತ್ತದೆ. ದೊಡ್ಡವರಿಗೆ ಚಿಲ್ಲರೆ. ಚೆಂಡು, ಬಲೆ, ಹುಡುಗರ ಬಾಳೆಹಣ್ಣು ಮೊಟ್ಟೆಗೆ ಕೈಯಿಂದ ಹಾಕುವ ಕೋಚ್‌ಗೆ ಎರಡು ವರ್ಷದ ಖರ್ಚು. 2022ರ ನವೆಂಬರ್‌ನಿಂದ ಈ ಹಂಚಿಕೆಗೆಂದೇ ಫಿಫಾ ಪ್ಯಾರಿಸ್‌ನಲ್ಲಿ ಒಂದು ಕ್ಲಿಯರಿಂಗ್ ಹೌಸ್ ನಡೆಸುತ್ತಿದೆ. ಆದರೆ ಹುಡುಗ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದ ಎಂಬ ನೋಂದಣಿ ಇದ್ದರೆ ಮಾತ್ರ ಇದೆಲ್ಲ. ಫೆಡರೇಶನ್‌ನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಹೆಸರಿಲ್ಲದವನು ಎಷ್ಟು ಚೆನ್ನಾಗಿ ಆಡಿದರೂ ಕಾಗದದ ಮೇಲೆ ಹುಟ್ಟೇ ಇಲ್ಲ.

ವಿಜಯವಾಡದ ಈ ಹುಡುಗನದ್ದು ನೋಂದಣಿ ಆಗಿರಲಿಲ್ಲ. ಬಂದರು ರಸ್ತೆಯ ಇಂದಿರಾಗಾಂಧಿ ಕ್ರೀಡಾಂಗಣದ ಕಡೆ ಬೆಳಿಗ್ಗೆ ಆಡಿಸುವ ಕೋಚ್ ನಾಲ್ಕು ವರ್ಷದಿಂದ ಅವನನ್ನು ತಿದ್ದುತ್ತಿದ್ದಾರೆ. ಒಂದು ಸಾಲೂ ದಾಖಲೆ ಇಲ್ಲ. ನಾನು ಈ ಲೆಕ್ಕ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಮಾಟ ನಾಕು ಎವರೂ ಚೆಪ್ಪಲೇದು ಸಾರ್" ಎಂದರು. ಯಾರೂ ಹೇಳಿರಲಿಲ್ಲವಂತೆ. ಹೇಳಬೇಕಾದವರು ಯಾರು? ಫೆಡರೇಶನ್ ಹೇಳಬಹುದು, ರಾಜ್ಯ ಸಂಸ್ಥೆ ಹೇಳಬಹುದು. ಊರೂರಿನ ಮೈದಾನಕ್ಕೆ ಬಂದು, ಸಹಿ ಮಾಡುವ ಮೊದಲು ಇದನ್ನು ಓದಿ ಎಂದು ತೆಲುಗಿನಲ್ಲಿ, ಕನ್ನಡದಲ್ಲಿ, ಬಂಗಾಳಿಯಲ್ಲಿ ಒಂದು ಹಾಳೆ ಹಂಚಲು ಆಟಗಾರರ ಸಂಘಕ್ಕಿಂತ ಸರಿಯಾದವರು ನನಗೆ ಕಾಣುವುದಿಲ್ಲ. ಎಫ್‌ಪಿಎಐ ಮೇಲಿನ ಲೀಗುಗಳ ಆಟಗಾರರಿಗೆ ಹತ್ತಿರ, ಬೆಂಜ್ ಸರ್ಕಲ್‌ಗೆ ಇನ್ನೂ ದೂರ.

ಈ ಎಲ್ಲ ಹೊರನಾಡಿನ ಹುಡುಗರ ಕಷ್ಟ ಸ್ವಲ್ಪ ಬೇರೆ ಎಂದೂ ಅನ್ನಿಸುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಈ ಹುಡುಗನ ಅಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದ್ದರು. ಮಗನಿಗೆ ಆ ತಂಡ ನಮ್ಮದೋ ಅಲ್ಲವೋ ಎಂಬ ಗೊಂದಲ. ಅವನ ಆಧಾರ್ ಆಂಧ್ರದ್ದು, ಶಾಲೆ ಆಂಧ್ರದ್ದು, ಆಡಿದರೆ ಈ ರಾಜ್ಯಕ್ಕೇ ಆಡಬೇಕು. ಬೆಂಗಳೂರಿನಲ್ಲಿ ಅವನನ್ನು ತೆಲುಗಿನವನು ಎನ್ನುತ್ತಾರೆ, ಇಲ್ಲಿ ಕನ್ನಡದವನು.

ಏಜೆಂಟ್ ಹೇಳಿದ ಟ್ರಯಲ್ಸ್ ಬೆಂಗಳೂರಿನಲ್ಲಿ ಇರಲೇ ಇಲ್ಲ. ಹೇಳಿದ ಮೈದಾನಕ್ಕೆ ಹೋದರೆ ಅಲ್ಲಿ ಯಾವುದೋ ಕಂಪನಿಯ ಕ್ರಿಕೆಟ್ ನಡೆಯುತ್ತಿತ್ತಂತೆ. ಪುಣ್ಯಕ್ಕೆ ದುಡ್ಡು ಕೊಟ್ಟಿರಲಿಲ್ಲ. ಅಪ್ಪ ಮಗ ಇಬ್ಬರೂ ಮರ್ಫಿ ಟೌನಿನ ಸಂಬಂಧಿಕರ ಮನೆಯಲ್ಲಿ ಎರಡು ದಿನ ಇದ್ದು, ಸಂಜೆ ಗೌತಮಪುರದ ಮೈದಾನದಲ್ಲಿ ಅಲ್ಲಿಯ ಹುಡುಗರ ಜೊತೆ ಆಡಿಸಿಕೊಂಡು, ಬಂದ ಬಸ್ಸಿನಲ್ಲೇ ವಾಪಸು ಬಂದರು.

ಮೊನ್ನೆ ಹೋಟೆಲಿಗೆ ಹೋಗಿದ್ದೆ. ಕಾಫಿ ತರಿಸಿ, ಗಲ್ಲಾದ ಕೆಳಗಿನ ಡ್ರಾಯರ್‌ನಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ತೋರಿಸಿದರು. ಮಗನ ಜನನ ಪ್ರಮಾಣಪತ್ರ, ಶಾಲೆಯ ಸ್ಟಡಿ ಸರ್ಟಿಫಿಕೇಟ್, ಕೋಚ್ ಕೈಬರಹದಲ್ಲಿ ಬರೆದುಕೊಟ್ಟ ನಾಲ್ಕು ವರ್ಷದ ಲೆಕ್ಕ. ನೋಂದಣಿಗೆ ಅರ್ಜಿ ಹಾಕಿದ್ದಾರಂತೆ, ಫೋಟೊ ಸರಿಯಿಲ್ಲ ಎಂದು ಒಮ್ಮೆ ವಾಪಸು ಬಂದಿದೆ. "ಬಿಳಿ ಬ್ಯಾಕ್‌ಗ್ರೌಂಡ್ ಬೇಕಂಬ್ರ್, ನಾಳೆ ಮತ್ತೊಂದು ತೆಗ್ಸುದ್" ಎಂದರು. ಹುಡುಗ ಒಳಗೆ ಇಡ್ಲಿ ತಟ್ಟೆ ಒರೆಸುತ್ತ, ನಡುನಡುವೆ ಕಾಲಿನಿಂದ ಒಂದು ನಿಂಬೆಹಣ್ಣು ಎತ್ತಿ ಎತ್ತಿ ಆಡಿಸುತ್ತಿದ್ದ.